ಅಜ್ಜನ ಕಾರು ಮಾರಾಟಕ್ಕಿದೆ

ಇಂಗ್ಲೆಂಡಿನ ನ್ಯೂಕ್ಯಾಸಲ್ ಕಡೆ ಒಬ್ಬ ವೈದ್ಯರಿದ್ದರು. ಕೈಗೆ ಸಿಕ್ಕ ಯಾವ ವಸ್ತುವನ್ನೂ ಎಸೆಯದ ಆಸಾಮಿ. 2007ರಲ್ಲಿ ಅವರು ತೀರಿಕೊಂಡ ಮೇಲೆ ಆಸ್ತಿಯೆಲ್ಲ ಹತ್ತಿರದ ನೆಂಟರ ಪಾಲಿಗೆ ಬಂತು. ಬೀಗ ಬಿದ್ದಿದ್ದ ಗ್ಯಾರೇಜನ್ನು ತೆಗೆದು ನೋಡಿದರೆ, ಒಳಗೆ ದೂಳು ಹೊದ್ದು ನಿಂತಿತ್ತು ಒಂದು ಬುಗಾಟಿ ಟೈಪ್ 57 ಎಸ್ ಅಟಲಾಂಟ್. 1937ರ ಕಾರು. ಆ ಮಾದರಿಯಲ್ಲಿ ತಯಾರಾದದ್ದೇ 17. ಅದರ ಮೊದಲ ಒಡೆಯರು ಬ್ರಿಟನ್ನಿನ ರೇಸ್ ಚಾಲಕರ ಸಂಘಕ್ಕೆ ಅಧ್ಯಕ್ಷರಾಗಿದ್ದ ಅರ್ಲ್ ಹೋವ್. ವೈದ್ಯರು ಅದನ್ನು 1955ರಲ್ಲಿ 895 ಪೌಂಡಿಗೆ ಕೊಂಡಿದ್ದರು. ನಾಲ್ಕೈದು ವರ್ಷ ಓಡಿಸಿ, 1960ರ ಹೊತ್ತಿಗೆ ಗ್ಯಾರೇಜಿನಲ್ಲಿ ನಿಲ್ಲಿಸಿಬಿಟ್ಟಿದ್ದರು. 2009ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಬಾನ್‌ಹ್ಯಾಮ್ಸ್ ಸಂಸ್ಥೆ ಅದನ್ನು ಹರಾಜಿಗಿಟ್ಟಾಗ ಸುಮಾರು 34 ಲಕ್ಷ ಯೂರೊ ಬಂತು.

ಇಂಥದೊಂದು ಸುದ್ದಿ ಪತ್ರಿಕೆಯಲ್ಲಿ ಬಂದರೆ ಸಾಕು, ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಎಲ್ಲರ ಕಣ್ಣೂ ಹಿತ್ತಿಲ ಶೆಡ್ಡಿನ ಕಡೆ ಹೊರಳುತ್ತದೆ. ಅಲ್ಲೂ ಒಂದು ಕಾರಿದೆ. ಆಯುಧಪೂಜೆಯ ದಿನ ಮಾತ್ರ ಅದಕ್ಕೆ ಕುಂಕುಮ, ಒಂದು ಮೊಳ ಸೇವಂತಿಗೆ. ಉಳಿದ ದಿನ ಕೋಳಿ ಕಾವಿಗೆ ಕೂರಲು ಜಾಗ. ಅಜ್ಜ ಹೋಗಿ ಎಷ್ಟೋ ಕಾಲವಾಗಿದೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಮೊಮ್ಮಕ್ಕಳು ಇನ್ನೂ ದೂರದಲ್ಲಿ. ಮಾರೋಣವೇ? ಮಾರಿದರೆ ಎಷ್ಟು ಬರುತ್ತದೆ? ಈ ಎರಡನೆಯ ಪ್ರಶ್ನೆಯಿಂದ ಶುರುಮಾಡುವುದೆಂದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಹಳೆಯ ಕಾರನ್ನು ಕೊಳ್ಳುವವರು ಬರೀ ಲೋಹಕ್ಕೆ ದುಡ್ಡು ಕೊಡುವುದಿಲ್ಲ. ಇದು ಯಾವ ಕಾರು, ಎಲ್ಲಿಂದ ಬಂತು, ಯಾರ ಕೈಯಲ್ಲಿತ್ತು, ಇವತ್ತು ಯಾರದು ಎಂಬ ಚರಿತ್ರೆಗೂ ಅದರ ಸಾಕ್ಷಿಗೂ ಕೊಡುತ್ತಾರೆ. ಆ ಸಾಕ್ಷಿಯನ್ನು ಕೂಡಿಸುವ ಕೆಲಸ ಮುಗಿಯುವ ತನಕ ಬೆಲೆಯ ಮಾತು ಬರೀ ಗಾಳಿಮಾತು.

ಮೊದಲಿಗೆ, ನಮ್ಮ ಶೆಡ್ಡುಗಳಲ್ಲಿ ಇರುವುದು ಏನು?

ಅರಮನೆಗಳ ರೋಲ್ಸ್‌ರಾಯ್ಸ್ ಕಥೆಗಳು ಎಲ್ಲರಿಗೂ ಗೊತ್ತು. ಆದರೆ ಸಾಮಾನ್ಯ ಮನೆಗಳಿಗೆ ಕಾರು ಬಂದ ದಾರಿ ಬೇರೆ. ಜನರಲ್ ಮೋಟರ್ಸ್ ಕಂಪನಿ 1928ರಲ್ಲಿ ಬೊಂಬಾಯಿಯ ಸಿವ್ರಿಯಲ್ಲಿ ಬಿಡಿಭಾಗಗಳನ್ನು ತಂದು ಜೋಡಿಸುವ ಕಾರ್ಖಾನೆ ತೆರೆಯಿತು. ಫೋರ್ಡ್ ಕೂಡ ಬೊಂಬಾಯಿ, ಮದರಾಸು, ಕಲ್ಕತ್ತಗಳಲ್ಲಿ ಜೋಡಣೆ ನಡೆಸುತ್ತಿತ್ತು. ಷೆವ್ರೊಲೆ, ಬ್ಯೂಕ್, ಫೋರ್ಡ್ ವಿ-8 ಕಾರುಗಳು ಕಾಫಿ ತೋಟದ ಸಾಹುಕಾರರು, ವಕೀಲರು, ಡಾಕ್ಟರುಗಳ ಮನೆ ಸೇರಿದ್ದು ಹೀಗೆ. ಕಡಿಮೆ ಪೆಟ್ರೋಲಿನಲ್ಲಿ ಸಂಸಾರ ತೂಗಿಸುವವರಿಗೆ ಇಂಗ್ಲೆಂಡಿನ ಆಸ್ಟಿನ್, ಮಾರಿಸ್. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆಯ ಡಿಸ್ಪೋಸಲ್ಲಿನಲ್ಲಿ ಅಗ್ಗಕ್ಕೆ ಸಿಕ್ಕ ವಿಲ್ಲಿಸ್ ಜೀಪುಗಳು ಮಲೆನಾಡು ಹತ್ತಿದವು. ಐವತ್ತರ ದಶಕದ ಆರಂಭದಲ್ಲಿ ಸರ್ಕಾರವು ದೇಶದಲ್ಲೇ ಹಂತಹಂತವಾಗಿ ತಯಾರಿಸುವವರಿಗಷ್ಟೇ ಅವಕಾಶ ಎಂದಿತು. ಅಮೆರಿಕದ ಎರಡೂ ಕಂಪನಿಗಳು ಗಂಟುಮೂಟೆ ಕಟ್ಟಿದವು. ಉಳಿದದ್ದು ಹಿಂದೂಸ್ತಾನ್ ಮೋಟರ್ಸಿನ ಲ್ಯಾಂಡ್‌ಮಾಸ್ಟರ್, ಅಂಬಾಸಿಡರ್, ಪ್ರೀಮಿಯರ್ ಕಂಪನಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್.

ಈ ಪ್ರೀಮಿಯರ್ ಕಂಪನಿಗೆ ಕನ್ನಡ ನೆಲದ ನಂಟೂ ಉಂಟು. ಕಾರು ಕಾರ್ಖಾನೆ ನಮ್ಮಲ್ಲೇ ಆಗಬೇಕೆಂದು ಮೂವತ್ತರ ದಶಕದಲ್ಲಿ ಯೋಜನೆ ಹಾಕಿ, ಯೂರೋಪು ಅಮೆರಿಕಗಳನ್ನು ಸುತ್ತಿ ಬಂದವರು ಸರ್ ಎಂ. ವಿಶ್ವೇಶ್ವರಯ್ಯ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆಗೂಡಿದರು. ಮೈಸೂರು ಸಂಸ್ಥಾನವೂ ಆಸಕ್ತಿ ತೋರಿತು, ಬ್ರಿಟಿಷ್ ಸರ್ಕಾರ ಮಾತ್ರ ಕೈಜೋಡಿಸಲಿಲ್ಲ. ಕೊನೆಗೆ 1944ರಲ್ಲಿ ವಾಲ್‌ಚಂದ್ ಬೊಂಬಾಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು.

ಈ ಎಲ್ಲದರಲ್ಲಿ ಯಾವುದು ವಿಂಟೇಜ್, ಯಾವುದು ಕ್ಲಾಸಿಕ್ ಎಂಬ ಚರ್ಚೆ ಕ್ಲಬ್ಬುಗಳಲ್ಲಿ ಹರಿಯುತ್ತಲೇ ಇರುತ್ತದೆ. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿವಾ ವಿಂಟೇಜ್ ಎನ್ನುವುದು 1919ರಿಂದ 1930ರವರೆಗಿನ ಕಾರುಗಳನ್ನು. ಮಾರುವವರಿಗೆ ಮುಖ್ಯವಾದದ್ದು ಭಾರತ ಸರ್ಕಾರದ ಲೆಕ್ಕ. ಅದರ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರು ಮತ್ತು ಬೈಕುಗಳು ವಿಂಟೇಜ್. ಅಂದರೆ ಅಪ್ಪ ಅರವತ್ತರ ದಶಕದಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್ 2 ಕೂಡ ಈಗ ಆ ಸಾಲಿಗೆ ಸೇರುತ್ತದೆ.

ಹಾಸನದ ಕಡೆಯ ಒಂದು ತೋಟದ ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಶೆಡ್ಡಿನಲ್ಲಿ ಒಂದು ಮಾರಿಸ್ ಎಯ್ಟ್ ಇದೆ ಎಂದಿಟ್ಟುಕೊಳ್ಳೋಣ. ಬ್ರೋಕರ್ ಬಂದಿದ್ದಾರೆ. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾಗಿಲಿಗೆ ಒಂದು ಏಟು ಕೊಟ್ಟು, ‘ಸ್ವಾಮಿ, ಗಾಡಿ ಓಡಲ್ಲ, ಪೇಪರ್ ಇಲ್ಲ. ಗುಜರಿ ರೇಟಿನ ಮೇಲೆ ಒಂಚೂರು ಕೊಡ್ತೀನಿ, ಇವತ್ತೇ ಎತ್ತಿಕೊಂಡು ಹೋಗ್ತೀನಿ’ ಅನ್ನುತ್ತಾರೆ. ಅವರ ಮಾತಿನಲ್ಲಿ ಗಮನಿಸಬೇಕಾದದ್ದು ನಡುವಿನ ಎರಡು ಶಬ್ದ: ಪೇಪರ್ ಇಲ್ಲ. ಓಡದ ಕಾರನ್ನು ಓಡಿಸಬಹುದು. ಪೇಪರಿಲ್ಲದ ಕಾರು ಎಷ್ಟು ಚೆನ್ನಾಗಿ ಓಡಿದರೂ ಬೆಲೆ ಬಾರದು.

‘ದೊಡ್ಡಪ್ಪ, ಆರ್‌ಸಿ ಎಲ್ಲಿದೆ?’ ಎಂದು ಮೊಮ್ಮಗ ಕೇಳುತ್ತಾನೆ. ‘ಅಜ್ಜಿ ಟ್ರಂಕಲ್ಲಿ ನೋಡೋ, ಪತ್ರಗಳ ಜೊತೆ ಇರ್ಬೇಕು’ ಎಂಬ ಉತ್ತರ ಬರುತ್ತದೆ. ಸಿಕ್ಕಿದರೆ ಅದು ಈಗಿನ ಕಾರ್ಡಿನಂಥದ್ದಲ್ಲ, ಒಂದು ಪುಟ್ಟ ಪುಸ್ತಕ. ಅದರಲ್ಲಿ ಹಳೆಯ ಮೈಸೂರು ರಾಜ್ಯದ ಎಂವೈ ಅಕ್ಷರಗಳ ನಂಬರು, ತೆರಿಗೆ ಕಟ್ಟಿದ ಮೊಹರುಗಳು, ಹಿಂದಿನ ಒಡೆಯರ ಹೆಸರುಗಳು. ಸಿಗದಿದ್ದರೆ ಪೊಲೀಸರಿಗೆ ಕಳೆದುಹೋದ ದೂರು ಕೊಟ್ಟು, ನಮೂನೆ 26ರಲ್ಲಿ ನಕಲು ಆರ್‌ಸಿಗೆ ಅರ್ಜಿ ಹಾಕಬೇಕು. ಅದಕ್ಕೂ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಬಿ ಎಕ್ಸ್‌ಟ್ರಾಕ್ಟ್ ಕೇಳುವುದು ಜಾಣತನ. ಕಚೇರಿಯ ದಾಖಲೆಯಲ್ಲಿ ಆ ನಂಬರಿನ ಎದುರು ಇರುವ ಹೆಸರು, ಚಾಸಿಸ್ ನಂಬರು, ಎಂಜಿನ್ ನಂಬರು, ತೆರಿಗೆ ವಿವರ ಎಲ್ಲವೂ ಅದರಲ್ಲಿ ಬರುತ್ತದೆ. ಎಷ್ಟೋ ಮನೆಗಳಲ್ಲಿ ಮೊದಲ ಅಚ್ಚರಿ ಕಾದಿರುವುದು ಇಲ್ಲೇ: ಅಜ್ಜನದು ಎಂದು ಎಲ್ಲರೂ ನಂಬಿದ ಕಾರು ಅಜ್ಜ ಯಾರಿಂದ ಕೊಂಡರೋ ಅವರ ಹೆಸರಿನಲ್ಲೇ ಉಳಿದಿರಬಹುದು.

ಇದು ಬರೀ ಕಾಗದದ ತಕರಾರಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮೋಟಾರು ವಾಹನ ಕಾನೂನಿನ ಕಣ್ಣಿಗೆ ಒಡೆಯರು. ಒಂದು ಕಾರು ಕೈಯಿಂದ ಕೈಗೆ ಮಾರಾಟವಾಗುತ್ತಾ ಹೋಗಿ, ಹೆಸರು ಮಾತ್ರ ಮೊದಲಿನವರದ್ದೇ ಉಳಿದು, ನಡುವೆ ಅಪಘಾತವಾದ ಪ್ರಕರಣವೊಂದು ಸುಪ್ರೀಂ ಕೋರ್ಟಿಗೆ ಹೋಗಿತ್ತು. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಆ ಮೊಕದ್ದಮೆಯಲ್ಲಿ 2018ರಲ್ಲಿ ಬಂದ ತೀರ್ಪು ಸ್ಪಷ್ಟ: ಪರಿಹಾರದ ಹೊಣೆ ನೋಂದಾಯಿತ ಒಡೆಯರದ್ದು.

ಒಡೆಯರು ತೀರಿಕೊಂಡಾಗ ಏನು ಮಾಡಬೇಕೆಂಬುದಕ್ಕೂ ಮೋಟಾರು ವಾಹನ ನಿಯಮಗಳಲ್ಲಿ ದಾರಿಯಿದೆ. ಸಾವಿನ ಸಂಗತಿಯನ್ನು 30 ದಿನದೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ಅಜ್ಜ ಹೋಗಿ ಇಪ್ಪತ್ತು ವರ್ಷವಾಗಿದ್ದರೆ ಈ ಗಡುವು ಎಂದೋ ಮುಗಿದಿರುತ್ತದೆ. ಆದರೂ ದಾರಿ ಅದೇ, ತಡವಾದದ್ದಕ್ಕೆ ದಂಡ ಕಟ್ಟಬೇಕಾಗುತ್ತದೆ ಅಷ್ಟೆ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ಟು ಇವೆಲ್ಲ ಬೇಕು. ಒಪ್ಪಿಗೆ ಎಂದಾಗ ಗಂಡುಮಕ್ಕಳನ್ನು ಮಾತ್ರ ಕೂರಿಸಿ ಸಹಿ ಹಾಕಿಸಿದರೆ ಮುಗಿಯಲಿಲ್ಲ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ಗಂಡಸಿನ ಆಸ್ತಿಯಲ್ಲಿ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಪಾಲಿದೆ. ಮದುವೆಯಾಗಿ ಶಿರಸಿಗೋ ಸೊಲ್ಲಾಪುರಕ್ಕೋ ಹೋದ ಅತ್ತೆಯರ ಸಹಿಯೂ ಬೇಕು. ಆರ್‌ಟಿಒ ಪುಸ್ತಕದಲ್ಲಿ ಒಬ್ಬರ ಹೆಸರು ಏರಿದ ಮಾತ್ರಕ್ಕೆ ಉಳಿದವರ ಪಾಲು ಕರಗುವುದಿಲ್ಲ. ಮಾರಿದ ಹಣ ಹೇಗೆ ಹಂಚಿಕೊಳ್ಳುವುದು ಎಂಬುದನ್ನು ಕಾರು ಶೆಡ್ಡಿನಲ್ಲಿ ಇರುವಾಗಲೇ ಬರೆದಿಟ್ಟುಕೊಂಡ ಮನೆಗಳಲ್ಲಿ ಮುಂದೆ ಹಬ್ಬಕ್ಕೆ ಎಲ್ಲರೂ ಸೇರುತ್ತಾರೆ.

ಇನ್ನು ಕಾರಿನ ಗುರುತು. ಬಾನೆಟ್ ಎತ್ತಿದರೆ ಎಂಜಿನ್ನಿನ ಹಿಂದಿನ ತಗಡಿನ ಗೋಡೆಯ ಮೇಲೆ ಒಂದು ಪುಟ್ಟ ಫಲಕ ಸಿಗುತ್ತದೆ. ಹಿತ್ತಾಳೆಯದೋ ಅಲ್ಯೂಮಿನಿಯಮ್ಮಿನದೋ ಇರಬಹುದು. ಅದರಲ್ಲಿ ಮಾದರಿ, ಚಾಸಿಸ್ ನಂಬರು. ಎಂಜಿನ್ ನಂಬರು ಬ್ಲಾಕಿನ ಮೇಲೆ ಬೇರೆ ಕಡೆ. ಆರ್‌ಟಿಒ ಕಚೇರಿಯ ಹೊರಗೆ ಏಜೆಂಟರು ಮಾಡುವುದನ್ನು ನೋಡಿದವರಿಗೆ ಈ ವಿದ್ಯೆ ಗೊತ್ತು. ಎಣ್ಣೆ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಅಕ್ಷರಗಳ ಮೇಲೆ ತೆಳು ಕಾಗದ ಇಟ್ಟು, ಪೆನ್ಸಿಲ್ಲನ್ನು ಅಡ್ಡಲಾಗಿ ಹಿಡಿದು ಮೆಲ್ಲಗೆ ಉಜ್ಜಿದರೆ ನಂಬರು ಬಿಳಿಯಾಗಿ ಎದ್ದು ಬರುತ್ತದೆ. ಆ ಅಚ್ಚೂ ಆರ್‌ಸಿಯಲ್ಲಿರುವ ನಂಬರೂ ಒಂದೊಂದು ಅಕ್ಷರವೂ ತಾಳೆಯಾಗಬೇಕು. ಮೂರು ಎಂಟಾಗಿದ್ದರೆ, ಐ ಅಕ್ಷರ ಒಂದಾಗಿದ್ದರೆ, ಹಳೆಯ ಗುಮಾಸ್ತರ ಕೈತಪ್ಪು ಎಂದು ಕೈಬಿಡದೆ ಮಾರುವ ಮುಂಚೆಯೇ ಸರಿಪಡಿಸಿಕೊಳ್ಳಬೇಕು. ಗುಜರಿಗೆ ಹೋದ ಕಾರಿನ ಪುಸ್ತಕವನ್ನು ಬೇರೆ ಕಾರಿಗೆ ತಗುಲಿಸುವ ಚಾಳಿ ಇರುವುದರಿಂದ ತಿಳಿದ ಗಿರಾಕಿ ಮೊದಲು ನೋಡುವುದೇ ಇದನ್ನು.

ಚರಿತ್ರೆ ಮನೆಯ ಟ್ರಂಕಿನಲ್ಲಷ್ಟೇ ಇರಬೇಕೆಂದಿಲ್ಲ. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂ ಆಸ್ಟಿನ್, ಮಾರಿಸ್, ಎಂಜಿಯಂಥ ಕಾರುಗಳ ಪೈಕಿ ದಾಖಲೆ ಉಳಿದಿರುವ ಮಾದರಿಗಳಿಗೆ, ಕಾರ್ಖಾನೆಯ ಪುಸ್ತಕ ನೋಡಿ, ಶುಲ್ಕ ಪಡೆದು ಪ್ರಮಾಣಪತ್ರ ಕೊಡುತ್ತದೆ. ಯಾವ ದಿನ ತಯಾರಾಯಿತು, ಮೊದಲು ಯಾವ ಬಣ್ಣ ಇತ್ತು, ಯಾವ ಊರಿಗೆ ಹೋಯಿತು ಎಂಬ ವಿವರ ಅದರಲ್ಲಿರುತ್ತದೆ. ಮನೆಯ ಆಲ್ಬಮ್ಮಿನ ಮದುವೆ ಫೋಟೋದಲ್ಲಿ ನಂಬರ್ ಪ್ಲೇಟು ಕಾಣುವಂತೆ ಕಾರು ನಿಂತಿದ್ದರೆ ಅದೂ ಸಾಕ್ಷಿ. ಪೆಟ್ರೋಲ್ ಬಂಕಿನ ಹಳೆಯ ಬಿಲ್ಲು, ಗ್ಯಾರೇಜಿನ ಚೀಟಿ, ಇನ್ಶೂರೆನ್ಸ್ ಪಾಲಿಸಿ ಯಾವುದೂ ಕಸವಲ್ಲ.

ಫೋಟೋ ಎಷ್ಟರ ಮಟ್ಟಿಗೆ ಬೆಲೆ ಏರಿಸಬಲ್ಲದು ಎಂಬುದಕ್ಕೆ ಫ್ರಾನ್ಸಿನ ಒಂದು ಪ್ರಸಂಗವಿದೆ. ಲಾರಿ ಉದ್ಯಮಿಯೊಬ್ಬರು ಮ್ಯೂಸಿಯಂ ಕಟ್ಟುವ ಕನಸಿನಲ್ಲಿ ಹಳೆಯ ಕಾರುಗಳನ್ನು ಕೊಂಡು ಕೊಂಡು ತೋಟದ ಮಾಡುಗಳ ಕೆಳಗೆ ನಿಲ್ಲಿಸಿದ್ದರು. ವ್ಯಾಪಾರ ಕುಸಿಯಿತು. ಕೆಲವನ್ನು ಮಾರಿದರು, ಉಳಿದವು ತಗಡಿನ ಚಪ್ಪರದಡಿ ಬಳ್ಳಿ ಹಬ್ಬಿಸಿಕೊಂಡು ಕೂತವು. ವಾರಸುದಾರರು ಕರೆಸಿದಾಗ ಆರ್ಟ್‌ಕ್ಯೂರಿಯಲ್ ಹರಾಜು ಸಂಸ್ಥೆಯವರಿಗೆ ಅಲ್ಲಿ ಸುಮಾರು 60 ಕಾರುಗಳು ಸಿಕ್ಕವು. ಹಳೆಯ ಪತ್ರಿಕೆಗಳ ರಾಶಿಯ ಕೆಳಗೆ ಒಂದು ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ ಇತ್ತು. ಅದು ಒಮ್ಮೆ ನಟ ಅಲೇನ್ ದೆಲೋನ್ ಅವರದ್ದಾಗಿತ್ತು. ಅವರು ಅದರಲ್ಲಿ ಕೂತ ಫೋಟೋಗಳೂ ಇದ್ದವು. 2015ರ ಫೆಬ್ರವರಿ 6ರಂದು ಪ್ಯಾರಿಸ್ಸಿನಲ್ಲಿ ಆ ಫೆರಾರಿಗೆ ಬಂದದ್ದು 1 ಕೋಟಿ 63 ಲಕ್ಷ ಯೂರೊ. ಗಮನಿಸಬೇಕಾದದ್ದು ಇನ್ನೊಂದು: ಅಲ್ಲಿನ ಕಾರುಗಳನ್ನು ತೊಳೆದು ಬಣ್ಣ ಬಳಿಯಲಿಲ್ಲ. ಸಿಕ್ಕ ಸ್ಥಿತಿಯಲ್ಲೇ, ದೂಳು ತುಕ್ಕುಗಳ ಸಮೇತ ಹರಾಜಿನ ಅಂಗಳಕ್ಕೆ ತಂದು ನಿಲ್ಲಿಸಿದರು.

ನಮ್ಮಲ್ಲಿ ಆಗುವುದು ಇದರ ತಿರುವುಮುರುವು. ಮಾರುವ ಯೋಚನೆ ಬಂದ ಕೂಡಲೇ ಕಾರನ್ನು ಗ್ಯಾರೇಜಿಗೆ ಎಳೆದೊಯ್ಯುತ್ತಾರೆ. ಟಿಂಕರಿಂಗ್ ಮಾಡಿಸಿ, ಪುಟ್ಟಿ ಮೆತ್ತಿಸಿ, ಹೊಳೆಯುವ ಕೆಂಪು ಬಣ್ಣ ಹೊಡೆಸಿ, ಸೀಟಿಗೆ ಹೊಸ ರೆಕ್ಸಿನ್ ಹಾಕಿಸುತ್ತಾರೆ. ಎಪ್ಪತ್ತು ವರ್ಷದ ಚರ್ಮ, ಮರದ ಡ್ಯಾಶ್‌ಬೋರ್ಡು, ಲೂಕಾಸ್ ದೀಪ, ಸ್ಮಿತ್ಸ್ ಮೀಟರು ಕಳಚಿ ಮೂಲೆ ಸೇರುತ್ತವೆ. ಖರ್ಚು ಮಾಡಿದ್ದು ಲಕ್ಷಗಳಲ್ಲಿ, ಬೆಲೆ ಮಾತ್ರ ಮೊದಲಿಗಿಂತ ಕೆಳಗೆ. ಹಳೆಯ ಕಾರಿನ ಮೂಲ ಬಣ್ಣ, ಮೂಲ ಬಿಡಿಭಾಗ, ಬಳಕೆಯ ಸವಕಲು ಇವನ್ನೆಲ್ಲ ಕಾಪಾಡಬೇಕೆಂದು ಫಿವಾ ಒಪ್ಪಿಕೊಂಡ ಟ್ಯೂರಿನ್ ಸನ್ನದೂ ಹೇಳುತ್ತದೆ. ತುಕ್ಕು ಹಿಡಿದ ಮೂಲ ಭಾಗವನ್ನು ಕೊಳ್ಳುವವರು ಸರಿಮಾಡಿಸಿಕೊಂಡಾರು. ಎಸೆದ ಭಾಗವನ್ನು ಮಾತ್ರ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿದರೂ, ಶಿವಾಜಿನಗರದ ಗುಜರಿಯನ್ನೆಲ್ಲ ಜಾಲಾಡಿದರೂ ತರುವುದು ಕಷ್ಟ.

ಹಾಗಾದರೆ ಏನೂ ಮಾಡಬಾರದೇ? ಕಾಪಾಡುವಷ್ಟು ಮಾಡಬೇಕು. ಕೋಳಿಯನ್ನೂ ಇಲಿಗಳನ್ನೂ ಎಬ್ಬಿಸಿ, ಕಾರನ್ನು ಜಾಕ್ ಮೇಲೆ ಎತ್ತಿ, ಚಾಸಿಸ್ಸಿಗೆ ಮರದ ದಿಮ್ಮಿ ಕೊಟ್ಟು ಚಕ್ರಗಳ ಮೇಲಿನ ಭಾರ ಇಳಿಸಬೇಕು. ಟ್ಯಾಂಕಿನಲ್ಲಿ ಅಂಟಾಗಿರುವ ಹಳೆಯ ಪೆಟ್ರೋಲನ್ನು ತೆಗೆಸಬೇಕು. ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ ‘ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ’ ಎಂಬ ಉಮೇದು. ದಶಕಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಕಚ್ಚಿಕೊಂಡಿರುತ್ತವೆ. ಬ್ಯಾಟರಿ ಕೊಟ್ಟು ಬಲವಂತವಾಗಿ ತಿರುಗಿಸಿದರೆ ರಿಂಗು ಮುರಿಯುತ್ತದೆ. ಅದೂ ಅಲ್ಲದೆ ಆ ಕಾಲದ ಬಹಳ ಕಾರುಗಳದ್ದು 6 ವೋಲ್ಟಿನ ವೈರಿಂಗ್, ಈಗಿನ 12 ವೋಲ್ಟಿನ ಬ್ಯಾಟರಿ ಅದನ್ನು ಸುಟ್ಟೀತು. ಅನುಭವಸ್ಥ ಮೆಕ್ಯಾನಿಕ್ ಮಾಡುವುದೇ ಬೇರೆ. ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ಸಿಲಿಂಡರಿಗೂ ನಾಲ್ಕು ಚಮಚ ತೆಳು ಎಣ್ಣೆ ಬಿಟ್ಟು, ಕೆಲವು ದಿನ ಸುಮ್ಮನಿರುತ್ತಾರೆ. ಆಮೇಲೆ ಮುಂದಿನ ಹ್ಯಾಂಡಲ್ ಹಾಕಿ ಕೈಯಿಂದ ಕಾಲು ಸುತ್ತು, ಅರ್ಧ ಸುತ್ತು ಅಲುಗಾಡಿಸುತ್ತಾರೆ. ಎಂಜಿನ್ ಕೈಯಿಂದ ತಿರುಗುತ್ತದೆ ಎಂಬ ಒಂದೇ ವೀಡಿಯೊ ತುಣುಕು ಬೆಲೆಯ ಮಾತುಕತೆಯಲ್ಲಿ ಹೊಸ ಬಣ್ಣಕ್ಕಿಂತ ಹೆಚ್ಚು ತೂಗುತ್ತದೆ.

ಎಂಜಿನ್ ಎಂದಾಗ ಇನ್ನೊಂದು ಮಾತು. ಪೆಟ್ರೋಲ್ ದುಬಾರಿಯಾದ ಕಾಲದಲ್ಲಿ ದೊಡ್ಡ ಡಾಡ್ಜ್, ಪ್ಲಿಮತ್, ಅಂಬಾಸಿಡರುಗಳಿಂದ ಮೂಲ ಎಂಜಿನ್ ಇಳಿಸಿ, ಪರ್ಕಿನ್ಸ್ ಅಥವಾ ಮೆಟಡೋರ್ ಡೀಸೆಲ್ ಎಂಜಿನ್ ಕೂರಿಸುವುದು ಊರೂರಲ್ಲೂ ನಡೆದಿತ್ತು. ಅಜ್ಜನಿಗೆ ಅದು ಉಳಿತಾಯ, ಮೊಮ್ಮಗನಿಗೆ ತೊಡಕು. ಏಕೆಂದರೆ 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ವಿಂಟೇಜ್ ವಾಹನ ನಿಯಮಗಳ ಪ್ರಕಾರ ಚಾಸಿಸ್, ಬಾಡಿ, ಎಂಜಿನ್ ಇವುಗಳಲ್ಲಿ ಭಾರಿ ಮಾರ್ಪಾಡು ಆಗಿರಬಾರದು. ಇಳಿಸಿದ ಹಳೆಯ ಎಂಜಿನ್ ತೋಟದ ಪಂಪುಮನೆಯಲ್ಲೋ ಅಟ್ಟದ ಮೂಲೆಯಲ್ಲೋ ಇದೆಯೇ ಎಂದು ಹುಡುಕುವುದು ಆಗ ಮೊದಲ ಕೆಲಸ.

ಆ ನಿಯಮಗಳಿಂದ ಅನುಕೂಲವೂ ಇದೆ, ಕಟ್ಟುಪಾಡೂ ಇದೆ. ಹೊಸದಾಗಿ ವಿಂಟೇಜ್ ನೋಂದಣಿಗೆ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000. ಒಮ್ಮೆ ಮಾಡಿಸಿದರೆ ಹತ್ತು ವರ್ಷ. ಮೊದಲೇ ನೋಂದಣಿ ಇದ್ದ ಕಾರು ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಣಿಯಾಗುವ ಕಾರಿಗೆ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂಬ ಗುರುತು ಬರುತ್ತದೆ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥವಕ್ಕೆ ರಸ್ತೆಗೆ ತರಬಹುದು. ದಿನವೂ ಓಡಿಸುವಂತಿಲ್ಲ, ಮದುವೆಗೆ ಬಾಡಿಗೆಗೆ ಬಿಟ್ಟು ದುಡಿಸುವಂತಿಲ್ಲ. ಸಾಮಾನ್ಯ ನೋಂದಣಿಯನ್ನೇ ನವೀಕರಿಸುತ್ತೇವೆ ಎನ್ನುವವರು ಶುಲ್ಕವನ್ನು ಗಮನಿಸಬೇಕು. 2025ರ ಆಗಸ್ಟ್‌ನಲ್ಲಿ ಬಂದ ತಿದ್ದುಪಡಿಯಂತೆ 20 ವರ್ಷ ದಾಟಿದ ಕಾರಿಗೆ 10,000 ರೂಪಾಯಿ, ವಿದೇಶದಿಂದ ಆಮದಾದ ಕಾರಿಗೆ 80,000. ಯಾವ ನೋಂದಣಿ ಬೇಕು ಎಂಬುದನ್ನು ಕೊಳ್ಳುವವರ ಜೊತೆ ಮಾತಾಡಿಯೇ ತೀರ್ಮಾನಿಸುವುದೂ ಒಂದು ಕ್ರಮ.

ಕೊಳ್ಳುವವರು ಎಲ್ಲಿ ಸಿಗುತ್ತಾರೆ?

ಮೊದಲ ಬಾಗಿಲು ಕ್ಲಬ್ಬುಗಳದ್ದು. ಕರ್ನಾಟಕದಲ್ಲೂ ವಿಂಟೇಜ್ ಮತ್ತು ಕ್ಲಾಸಿಕ್ ಕಾರುಗಳ ಕ್ಲಬ್ ಇದೆ. ರ‍್ಯಾಲಿಯ ದಿನ ಹೋಗಿ ಅಜ್ಜನ ಕಾರಿನ ಮಾದರಿಯನ್ನೇ ಇಟ್ಟುಕೊಂಡವರನ್ನು ಹುಡುಕಿ ಮಾತಾಡಿಸಿದರೆ ಅರ್ಧ ಕೆಲಸ ಆದಂತೆ. ಬಿಡಿಭಾಗ ಏನೇನು ಸಿಗುತ್ತದೆ, ಈಚೆಗೆ ಅಂಥ ಕಾರು ಎಷ್ಟಕ್ಕೆ ಕೈಬದಲಾಯಿತು ಎಂಬುದು ಅವರಿಗೆ ಗೊತ್ತು. ಇನ್ನೊಂದು ಬಾಗಿಲು ಸಂಗ್ರಹಾಲಯಗಳದ್ದು. ಧರ್ಮಸ್ಥಳದ ಮಂಜೂಷಾದಲ್ಲಿ ಹಳೆಯ ಕಾರುಗಳ ದೊಡ್ಡ ಸಂಗ್ರಹವಿದೆ. ಶ್ರೀರಂಗಪಟ್ಟಣದ ಬಳಿ, ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕ, ಡಾ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ‘ಪಯಣ’ ಕಾಣಸಿಗುತ್ತದೆ. ಕೊಯಮತ್ತೂರಿನಲ್ಲಿ ಜೀಡೀ, ಅಹಮದಾಬಾದಿನ ಬಳಿ ಪ್ರಾಣ್‌ಲಾಲ್ ಭೋಗಿಲಾಲ್ ಕಟ್ಟಿದ ಆಟೊ ವರ್ಲ್ಡ್, ಹರಿಯಾಣದ ತಾವ್ಡೂವಿನಲ್ಲಿ ಹೆರಿಟೇಜ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ ಇವೆ. ಇವೆಲ್ಲ ಮಾರುವ ಅಂಗಡಿಗಳಲ್ಲ, ಎಲ್ಲವೂ ಎಲ್ಲ ಕಾರನ್ನೂ ಕೊಳ್ಳುವುದಿಲ್ಲ. ಆದರೆ ಮಾರುವವರು ಒಮ್ಮೆ ಇಲ್ಲಿ ಸುತ್ತಾಡಿ ಬಂದರೆ ತಮ್ಮ ಕಾರು ಎಷ್ಟು ಅಪರೂಪದ್ದು, ಎಷ್ಟು ಸಾಮಾನ್ಯದ್ದು ಎಂಬ ಅಂದಾಜು ಸಿಗುತ್ತದೆ.

ವಿದೇಶದ ಬೆಲೆಯನ್ನು ಇಂಟರ್‌ನೆಟ್ಟಿನಲ್ಲಿ ನೋಡಿ ರೂಪಾಯಿಗೆ ಗುಣಿಸಿ ಕೂರುವವರು ಬಹಳ. ಆ ಗುಣಾಕಾರ ಇಲ್ಲಿ ನಡೆಯುವುದಿಲ್ಲ. 1950ಕ್ಕೂ ಹಿಂದೆ ತಯಾರಾದ ವಿಂಟೇಜ್ ಕಾರುಗಳನ್ನೂ ಅವುಗಳ ಬಿಡಿಭಾಗಗಳನ್ನೂ ದೇಶದಾಚೆ ಕಳಿಸುವುದಕ್ಕೆ ನಿರ್ಬಂಧವಿದೆ. ಅಪರೂಪದ ಕಾರುಗಳು ಒಂದೊಂದಾಗಿ ಹಡಗೇರಿ ಹೋದದ್ದನ್ನು ಕಂಡ ಮೇಲೆ ಹಾಕಿದ ತಡೆ ಅದು. ಹಾಗಾಗಿ ನ್ಯೂಕ್ಯಾಸಲ್ಲಿನ ಗ್ಯಾರೇಜಿಗೆ ಇಡೀ ಲೋಕದ ಗಿರಾಕಿಗಳು ಇದ್ದರು, ಹಾಸನದ ಶೆಡ್ಡಿಗೆ ಇರುವುದು ಈ ದೇಶದ ಗಿರಾಕಿಗಳು. ‘ನನಗೆ ದುಬೈಯಲ್ಲಿ ಪಾರ್ಟಿ ಇದೆ’ ಎನ್ನುವವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುವುದು ಒಳ್ಳೆಯದು.

ವ್ಯವಹಾರ ಕುದುರಿತು ಎನ್ನೋಣ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಅಡ್ವಾನ್ಸ್ ಕೊಟ್ಟು, ‘ಗಾಡಿ ತಗೊಂಡು ಹೋಗಿರ್ತೀನಿ, ಪೇಪರ್ ನಿಧಾನಕ್ಕೆ ಮಾಡ್ಕೊಳ್ಳೋಣ’ ಎನ್ನುವ ಗಿರಾಕಿಗೆ ಕೀಲಿ ಕೊಡಬಾರದು. ಮಾರುವವರ ಸಹಿಯ ನಮೂನೆ 29, ಇಬ್ಬರ ಸಹಿಯ ನಮೂನೆ 30, ಬೇರೆ ರಾಜ್ಯಕ್ಕೆ ಹೋಗುವುದಾದರೆ ನಮೂನೆ 28ರ ಎನ್‌ಒಸಿ, ಜೊತೆಗೆ ದಿನಾಂಕ ಮತ್ತು ವೇಳೆ ನಮೂದಿಸಿದ ಡೆಲಿವರಿ ಚೀಟಿ ಕೈಯಲ್ಲಿರಬೇಕು. ಹಣ ಬ್ಯಾಂಕಿನ ಮೂಲಕವೇ ಬರಲಿ. ಒಂದೇ ವ್ಯವಹಾರದಲ್ಲಿ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ.

ತೆರಿಗೆಯ ಮಾತು ಬಂದದ್ದರಿಂದ ಇನ್ನೊಂದು ಪ್ರಸಂಗ. ಮನೆಮಂದಿ ಓಡಾಡಲು ಬಳಸಿದ ಕಾರು ಸ್ವಂತ ಬಳಕೆಯ ವಸ್ತು, ಅದನ್ನು ಮಾರಿದ ಲಾಭಕ್ಕೆ ತೆರಿಗೆ ಇಲ್ಲ ಎಂಬುದು ಸಾಮಾನ್ಯ ತಿಳಿವಳಿಕೆ. ಮುಂಬೈಯ ಒಬ್ಬರು 1983ರಲ್ಲಿ 20,000 ರೂಪಾಯಿಗೆ ಕೊಂಡಿದ್ದ 1931ರ ಫೋರ್ಡ್ ಟೂರರ್ ಕಾರನ್ನು ಮುಂದೆ 21 ಲಕ್ಷಕ್ಕೆ ಮಾರಿದರು. ಇದು ನನ್ನ ಸ್ವಂತ ಬಳಕೆಯದು ಎಂದು ವಾದಿಸಿದರು. ತಕರಾರು ದಶಕಗಳ ಕಾಲ ಎಳೆದಾಡಿ ಬಾಂಬೆ ಹೈಕೋರ್ಟ್ ತಲುಪಿತು. ಕಾರು ಸ್ವಂತ ಬಳಕೆಗೆ ಒದಗಬಲ್ಲದು ಎಂದರೆ ಸಾಲದು, ನಿಜವಾಗಿ ಬಳಸಿದ್ದಕ್ಕೆ ಸಾಕ್ಷಿ ಬೇಕು ಎಂದು 2025ರಲ್ಲಿ ತೀರ್ಪು ಬಂತು, ತೆರಿಗೆ ಖಾಯಂ ಆಯಿತು. ಟ್ರಂಕಿನೊಳಗಿನ ಪೆಟ್ರೋಲ್ ಬಿಲ್ಲು, ಗ್ಯಾರೇಜಿನ ಚೀಟಿಗಳು ಇಲ್ಲೂ ಕೆಲಸಕ್ಕೆ ಬರುತ್ತವೆ. ಮೊತ್ತ ದೊಡ್ಡದಾದರೆ ಲೆಕ್ಕಪರಿಶೋಧಕರನ್ನು ಮಾರುವ ಮೊದಲೇ ಕಾಣಬೇಕು.

ಮಾರಾಟವಾದ ಮೇಲೂ ಮಾರಿದವರ ಪಾಲಿನ ಕೆಲಸ ಸ್ವಲ್ಪ ಉಳಿದಿರುತ್ತದೆ. ಸಾಮಾನ್ಯ ನೋಂದಣಿಯ ಕಾರು ರಾಜ್ಯದೊಳಗೇ ಮಾರಾಟವಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ತಿಳಿಸಬೇಕು. ವಿಂಟೇಜ್ ನೋಂದಣಿಯ ಕಾರಿಗಾದರೆ ಇಬ್ಬರಿಗೂ 90 ದಿನ. ತಿಂಗಳೆರಡು ಕಳೆದ ಮೇಲೆ ಪರಿವಾಹನ್ ಜಾಲತಾಣದಲ್ಲಿ ನಂಬರು ಹಾಕಿ, ಹೆಸರು ಬದಲಾಗಿದೆಯೇ ಎಂದು ನೋಡಿಕೊಳ್ಳಬೇಕು. ಇನ್ಶೂರೆನ್ಸ್ ಕಂಪನಿಗೂ ಒಂದು ಪತ್ರ. ಆಲ್ಬಮ್ಮಿನ ಫೋಟೋಗಳ ಮೂಲಪ್ರತಿ ಮನೆಯಲ್ಲಿರಲಿ, ಸ್ಕ್ಯಾನ್ ಮಾಡಿದ ಪ್ರತಿ ಕಾರಿನ ಜೊತೆ ಹೋಗಲಿ.

ಕೊಂಡವರ ವಿಳಾಸ, ಕಾರಿನ ಚಾಸಿಸ್ ನಂಬರು ಎರಡನ್ನೂ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅದರ ಉಪಯೋಗ ಯಾವಾಗ ಬೀಳುತ್ತದೋ ಹೇಳಲಾಗದು. ಗುಜರಾತಿನ ರಾಜಕೋಟೆಯ ದೊರೆ ಧರ್ಮೇಂದ್ರಸಿಂಹರು 1934ರಲ್ಲಿ ಮಾಡಿಸಿದ್ದ ರೋಲ್ಸ್‌ರಾಯ್ಸ್ ಫ್ಯಾಂಟಮ್ 2 ಕಾರು, ‘ಸ್ಟಾರ್ ಆಫ್ ಇಂಡಿಯಾ’ ಎಂದೇ ಹೆಸರಾದದ್ದು, ಅರವತ್ತರ ದಶಕದಲ್ಲಿ ಮಾರಾಟವಾಗಿ ಇಂಗ್ಲೆಂಡಿನ ಸಂಗ್ರಾಹಕರೊಬ್ಬರ ಕೈಸೇರಿತು. ಹೆಸರುವಾಸಿ ಕಾರಾದ್ದರಿಂದ ಅದು ಎಲ್ಲಿದೆ ಎಂಬುದು ತಿಳಿದವರ ವಲಯದಲ್ಲಿ ಮರೆಯಾಗಲಿಲ್ಲ. 2010ರ ಸುಮಾರಿಗೆ ಅದೇ ರಾಜಮನೆತನದ ಮಾಂಧಾತಸಿಂಹ ಜಾಡೇಜಾ ಅದನ್ನು ಮತ್ತೆ ಕೊಂಡು ರಾಜಕೋಟೆಗೆ ತರಿಸಿದರು.